ಅಡತಿ ಸಾಫ್ಟ್‌ವೇರ್‌ನ ಹಳೇ ಐಕಾನ್ ಬದಲಿಸಿದೆ, ಬ್ಯಾಡಗಿ ದಿವಾನಜಿ ಕಾಕಾ ಫೋನ್ ಎತ್ತುತ್ತಿಲ್ಲ

ಗೋಕುಲ್_ರೋಡ್_ಕೋಡರ್

ನಮಸ್ಕಾರ ರೀ ಎಲ್ಲರಿಗೂ. ಸ್ವಲ್ಪ ಉದ್ದ ಇದೆ, ಚಹಾ ಹಿಡ್ಕೊಂಡು ಓದಿ.

ಹುಬ್ಬಳ್ಳಿ ಗೋಕುಲ್ ರೋಡಿನಲ್ಲಿ ನಮ್ಮದು ನಾಲ್ಕು ಜನರ ಸಣ್ಣ ಆಫೀಸು. ರೈತರ ಮಾಲನ್ನು ದಲಾಲಿ ಮೇಲೆ ಮಾರಿಕೊಡುವ ಅಡತಿ ಅಂಗಡಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಕೊಡುತ್ತೇವೆ. ತೂಕದ ಚೀಟಿ, ದಲಾಲಿ, ಹಮಾಲಿ, ರೈತರ ಪಟ್ಟಿ (ಮಾರಾಟದ ಬಿಲ್ಲು), ಖಾತೆ ಉತಾರೆ, ಎಲ್ಲ ಅದರಲ್ಲೇ. 2002ರಲ್ಲಿ ನಮ್ಮ ಮಾಲಕರೇ ವಿಬಿ6ನಲ್ಲಿ (ವಿಷುಯಲ್ ಬೇಸಿಕ್ 6, ಮೈಕ್ರೋಸಾಫ್ಟ್‌ನ ಹಳೇ ಪ್ರೋಗ್ರಾಮಿಂಗ್ ಭಾಷೆ) ಬರೆದದ್ದು. ಈಗ ಅವರು ಕೋಡ್ ಮುಟ್ಟುವುದಿಲ್ಲ. ಮುಟ್ಟಿದವರನ್ನು ಸುಮ್ನೆ ಬಿಡುವುದೂ ಇಲ್ಲ.

ಈಗ ಡೆಮೊ ನೋಡಲು ಬರುವವರು ಸಾವ್ಕಾರರ ಮಕ್ಕಳು. ಕಂಪ್ಯೂಟರ್ ತೆರೆದ ಕೂಡಲೇ "ಇದೇನ್ರೀ, ನಮ್ಮಪ್ಪನ ಮದುವಿ ಫೋಟೋ ಇದ್ದಂಗ ಐತಿ" ಅಂತಾರೆ. ತಪ್ಪೇನಿಲ್ಲ ಬಿಡಿ. ಟೂಲ್‌ಬಾರ್‌ನಲ್ಲಿ 22 ಐಕಾನ್. ಸೇವ್‌ಗೆ ನೀಲಿ ಫ್ಲಾಪಿ. ಹುಡುಕಲು ದುರ್ಬೀನು. ಪಾರ್ಟಿ ನಂಬರಿಗೆ ಡಯಲ್ ತಿರುಗಿಸುವ ಫೋನು. ಬ್ಯಾಕಪ್‌ಗೆ ಟೇಪ್ ಕ್ಯಾಸೆಟ್. ನಗದಿಗೆ ನೋಟಿನ ಕಟ್ಟು, ಅದರ ಮೇಲೆ ಡಾಲರ್ ಗುರುತು! ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಕೂತು ಡಾಲರ್ ಎಣಿಸಿದವರನ್ನು ನಾನಂತೂ ನೋಡಿಲ್ಲ.

ಮೂರು ವಾರ ಕೂತು ಎಲ್ಲವನ್ನೂ ಬದಲಿಸಿದೆ. ತೆಳು ಗೆರೆ, ಬೂದು ಬಣ್ಣ, ಈಗಿನ ಮೊಬೈಲ್ ಆ್ಯಪ್ ತರಹ. ಸೇವ್‌ಗೆ ಮೋಡ, ಅದರೊಳಗೆ ಮೇಲೆ ಹೋಗುವ ಬಾಣ. ನೋಡೋಕೆ ಚಂದ ಇತ್ತು, ಈಗಲೂ ಹೇಳ್ತೀನಿ. ಬ್ಯಾಡಗಿಯ ಒಂದು ಹಳೇ ಅಂಗಡಿಯಲ್ಲಿ ಮೊದಲು ಹಾಕಿದೆವು. ಸೋಮವಾರ ಬೆಳಿಗ್ಗೆ.

ಹನ್ನೊಂದು ಗಂಟೆಗೆ ಅಲ್ಲಿ ಲೆಕ್ಕ ಬರೆಯುವ ದಿವಾನಜಿ ಕಾಕಾ ಫೋನ್ ಮಾಡಿದರು. "ತಮ್ಮಾ, ನನ್ನ ನೀಲಿ ಡಬ್ಬಿ ಎಲ್ಲಿ ಹೋತು? ಇಲ್ಲಿ ಮೋಡ ಯಾಕ್ ಬಂದೈತಿ? ಅಂಗಳದಾಗ ಕಾಯಿ ಹರವೀವಿ, ಮುಂಜಾನೆನ ಮೋಡ ತೋರಸ್ತೀಯೇನು?" ನಾನು ನಕ್ಕೆ. ನಗಬಾರದಿತ್ತು. ಅಷ್ಟರಲ್ಲಿ ಅವರು ಪ್ರಿಂಟ್ ಅಂದುಕೊಂಡು ಒಂಬತ್ತು ಪಟ್ಟಿ ರದ್ದು ಮಾಡಿದ್ದರು. ನಮ್ಮಲ್ಲಿ ರದ್ದಾದ ಪಟ್ಟಿಯ ನಂಬರ್ ಮತ್ತೆ ಸಿಗುವುದಿಲ್ಲ. ಒಂಬತ್ತನ್ನೂ ಹೊಸ ನಂಬರಿನಲ್ಲಿ ಮೊದಲಿನಿಂದ ಬರೆಯಬೇಕಾಯ್ತು. ರೈತರು ಬಾಗಿಲಲ್ಲಿ ನಿಂತಿದ್ದರು.

ಅವತ್ತೇ ಹಳೇದನ್ನು ವಾಪಸ್ ಹಾಕಿದೆವು. ಕಾಕಾ ಈಗ ನನ್ನ ಫೋನ್ ಎತ್ತುತ್ತಿಲ್ಲ. ನೀವೇ ಹೇಳಿ, ಇಷ್ಟು ಹಳೇ ಸಾಫ್ಟ್‌ವೇರ್‌ನ ಐಕಾನ್ ಮುಟ್ಟಬೇಕಾ? ಮುಟ್ಟಿದರೆ ಹೇಗೆ?

ಮಿರ್ಚಿ_ಗಿರಮಿಟ್

ಬ್ಯಾಡಗಿಯವರಿಗೆ ಮೋಡ ತೋರಿಸಿದ್ದೀಯಲ್ಲ ಮಾರಾಯಾ. ಒದೆ ಬೀಳಲಿಲ್ಲವಲ್ಲ, ಅದೇ ಪುಣ್ಯ.

ಅಮರಗೋಳ_ಅಡತಿ

ಸೋಮವಾರ ಬ್ಯಾಡಗಿಯಲ್ಲಿ ಟೆಂಡರ್ ದಿನ. ಸೋಮವಾರ, ಗುರುವಾರ ಅಲ್ಲಿನವರು ಊಟವನ್ನೇ ಮರೆತಿರ್ತಾರೆ. ಆ ದಿನ ಹೊಸದನ್ನು ಹಾಕಿದ್ದು ಮೊದಲ ತಪ್ಪು. ಐಕಾನ್ ಮಾತು ಆಮೇಲೆ.

ಇನ್ನೊಂದು. ಡಾಲರ್ ಎಣಿಸುವವರಿಲ್ಲ ಅಂತ ಬರೆದಿದ್ದೀರಿ. ಬ್ಯಾಡಗಿ ಕಾಯಿ ಹೊರದೇಶಕ್ಕೆ ಹೋಗುತ್ತದೆ ರೀ, ಅದರ ಬಣ್ಣ ತೆಗೆದು ಓಲಿಯೊರೆಸಿನ್ (ಗಟ್ಟಿ ಸಾರ) ಮಾಡಿ ಕಳಿಸ್ತಾರೆ. ಯಾರೋ ಎಲ್ಲೋ ಎಣಿಸ್ತಿದ್ದಾರೆ. ನಾವಲ್ಲ ಅಷ್ಟೇ.

ಟ್ಯಾಲಿ_ಅಕ್ಕ

ನನ್ನ ಕೇಳಿದರೆ ಐಕಾನೇ ಬೇಡ. ಟ್ಯಾಲಿ ನೋಡಿ. 1986ರಲ್ಲಿ ಶುರುವಾದ ಕಂಪನಿ, ನಮ್ಮ ಬೆಂಗಳೂರಿನದೇ. ಅದರಲ್ಲಿ ಚಿತ್ರ ನೋಡಿ ಕೆಲಸ ಮಾಡಿದವರು ಯಾರು? ಎಫ್5 ಪೇಮೆಂಟ್, ಎಫ್6 ರಿಸೀಟ್, ಎಫ್8 ಸೇಲ್ಸ್, ಎಫ್9 ಪರ್ಚೇಸ್. ಕಣ್ಣು ಬಿಲ್ಲಿನ ಮೇಲೆ, ಕೈ ಕೀಬೋರ್ಡ್ ಮೇಲೆ. ಮೌಸ್ ಮುಟ್ಟಿದ ಹುಡುಗರನ್ನು ನಾನು ಬೈತೀನಿ.

ಹೊಸಬ_2004

ಅಕ್ಕಾ, ಟ್ಯಾಲಿಯವರೂ ಕೀ ಬದಲಿಸಿದ್ದಾರಲ್ಲ?

ಟ್ಯಾಲಿ_ಅಕ್ಕ

ಬದಲಿಸಿದರು! ಅದನ್ನೇ ಹೇಳೋಕೆ ಬಂದೆ. 2020ರ ಕೊನೆಗೆ ಟ್ಯಾಲಿಯ ಹೊಸ ಆವೃತ್ತಿ ಪ್ರೈಮ್ ಬಂತು. ಹಳೇ ಆವೃತ್ತಿ ಇಆರ್‌ಪಿ 9ರಲ್ಲಿ ಕ್ರೆಡಿಟ್ ನೋಟ್ ಕಂಟ್ರೋಲ್ ಎಫ್8 ಇತ್ತು, ಪ್ರೈಮ್‌ನಲ್ಲಿ ಆಲ್ಟ್ ಎಫ್6 ಆಯ್ತು. ನನ್ನ ಬೆರಳು ಎಷ್ಟೋ ತಿಂಗಳು ಹಳೇ ಜಾಗಕ್ಕೇ ಹೋಗ್ತಿತ್ತು. ತಲೆಗೆ ಹೊಸದು ಗೊತ್ತು, ಬೆರಳಿಗೆ ಗೊತ್ತಿಲ್ಲ. ಆದರೆ ಸೇಲ್ಸ್, ಪರ್ಚೇಸ್, ಪೇಮೆಂಟ್ ಕೀ ಮುಟ್ಟಲಿಲ್ಲ ನೋಡಿ. ದಿನಕ್ಕೆ ಇನ್ನೂರು ಸಲ ಒತ್ತುವುದನ್ನು ಅಲ್ಲಾಡಿಸಲಿಲ್ಲ. ಅಷ್ಟು ಬುದ್ಧಿ ಅವರಿಗಿತ್ತು.

ಹೊಸಬ_2004

ನಾನು ಕೆಎಲ್‌ಇ ಟೆಕ್‌ನಲ್ಲಿ ಓದ್ತಿದ್ದೇನೆ. ನನ್ನ ಪ್ರಾಮಾಣಿಕ ಪ್ರಶ್ನೆ: ವಿಬಿ6 ಯಾಕಿನ್ನೂ? ಅದರ ಎಡಿಟರ್‌ಗೆ ಮೈಕ್ರೋಸಾಫ್ಟ್ 2008ರಲ್ಲೇ ಸಪೋರ್ಟ್ ನಿಲ್ಲಿಸಿದೆ. ಎಲ್ಲ ಎಸೆದು ವೆಬ್‌ನಲ್ಲಿ ಮಾಡಿ. ಐಕಾನ್ ಸಮಸ್ಯೆ ತಾನಾಗೇ ಹೋಗುತ್ತೆ.

ಹಳೇ_ಬೇಸಿಕ್

ತಮ್ಮಾ, ಎಡಿಟರ್‌ಗೆ ನಿಲ್ಲಿಸಿದ್ದಾರೆ. ಅದರಲ್ಲಿ ಮಾಡಿದ ಪ್ರೋಗ್ರಾಮ್ ವಿಂಡೋಸ್ 11ರಲ್ಲೂ ಓಡುತ್ತದೆ. ಓಡುವ ಎತ್ತನ್ನು ಯಾರೂ ಮಾರಲ್ಲ. ಮತ್ತೆ ಟೆಂಡರ್ ದಿನ ನೆಟ್ ಹೋದರೆ ನಿನ್ನ ವೆಬ್ ಪುಟದ ಮುಂದೆ ನಿಂತ ರೈತನಿಗೆ ಏನು ಹೇಳ್ತೀಯಾ? "ಲೋಡ್ ಆಗ್ತೈತಿ ಕೂಡ್ರಿ" ಅಂತಾ?

ಮೂಲ ಪ್ರಶ್ನೆಗೆ ಬರ್ತೀನಿ. ವಿಬಿ6ನಲ್ಲಿ ಐಕಾನ್ ಚಿತ್ರ ಇಡುವ ಇಮೇಜ್‌ಲಿಸ್ಟ್‌ಗೆ ಅರೆಪಾರದರ್ಶಕ ಚುಕ್ಕಿ ಅರ್ಥವಾಗುವುದಿಲ್ಲ. ಒಂದು ಬಣ್ಣವನ್ನು ಮಾಸ್ಕ್ ಅಂತ ತೋರಿಸಬೇಕು, ಆ ಬಣ್ಣ ಇದ್ದ ಕಡೆಯೆಲ್ಲ ಕಿಂಡಿ. ಈಗಿನ ಪಿಎನ್‌ಜಿ ಚಿತ್ರ ತಂದು ಹಳೇ ಬಿಎಂಪಿ ಮಾದರಿಗೆ ಬದಲಿಸಿ ಹಾಕಿದರೆ ಅಂಚಿಗೆ ಕೊಳೆ ಹತ್ತಿದ ಹಾಗೆ ಕಾಣುತ್ತೆ. ಕೋಡರ್ ಅವರೇ, ನಿಮ್ಮ ಬೂದು ಗೆರೆಗಳಿಗೂ ಹಾಗೆ ಆಗಿತ್ತಾ?

ಗೋಕುಲ್_ರೋಡ್_ಕೋಡರ್

ಆಗಿತ್ತು ಸರ್. ನನ್ನ ಲ್ಯಾಪ್‌ಟಾಪ್‌ನಲ್ಲಿ ಚೊಕ್ಕ ಇತ್ತು. ಕಾಕಾನ ಮಾನಿಟರ್‌ನಲ್ಲಿ ಜೇಡರ ಬಲೆ ತರಹ ಕಂಡಿತು.

ಚುಕ್ಕಿ_ಚಿತ್ರ

ನಾನು ಧಾರವಾಡದವಳು. ಬೆಂಗಳೂರಿನಲ್ಲಿ ಇದೇ ಕೆಲಸ ಮಾಡ್ತೀನಿ, ಹಾಗಾಗಿ ಬಾಯಿ ಮುಚ್ಚಿಕೊಂಡಿರೋಕೆ ಆಗ್ತಿಲ್ಲ.

16×16 ಐಕಾನ್ ಅಂದರೆ ಬರೀ 256 ಚುಕ್ಕಿ. ಅಷ್ಟರಲ್ಲಿ ಫ್ಲಾಪಿ ಬಿಡಿಸಿದವರು ಒಂದೊಂದು ಚುಕ್ಕಿಯನ್ನೂ ಕೈಯಲ್ಲಿ ಇಟ್ಟಿದ್ದಾರೆ. ಆಪಲ್‌ನವರ 1984ರ ಮ್ಯಾಕ್ ಕಂಪ್ಯೂಟರ್‌ಗೆ ಸೂಸನ್ ಕೇರ್ ಐಕಾನ್ ಬಿಡಿಸಿದ್ದು ಚೌಕಳಿ ಕಾಗದದ ಮೇಲೆ, 32×32 ಮನೆಗಳಲ್ಲಿ. ನಮ್ಮೂರಿನವರಿಗೆ ಇದು ಹೊಸದಲ್ಲ. ನಮ್ಮಜ್ಜಿ ಇಳಕಲ್ ಸೀರೆಗೆ ಕಸೂತಿ ಹಾಕುವಾಗ ಬಟ್ಟೆಯ ಎಳೆ ಎಣಿಸುತ್ತಿದ್ದಳು. ಗೋಪುರ, ತೇರು, ತುಳಸಿಕಟ್ಟೆ, ಆನೆ. ಒಂದು ಎಳೆ ತಪ್ಪಿದರೆ ಆನೆಗೆ ಸೊಂಡಿಲು ಹೋಗಿ ಬಾಲ ಬರುತ್ತಿತ್ತು, ಪೂರ್ತಿ ಬಿಚ್ಚುತ್ತಿದ್ದಳು. ದೊಡ್ಡ ಚಿತ್ರವನ್ನು ಒತ್ತಿ ಸಣ್ಣದು ಮಾಡಿದರೆ ಐಕಾನ್ ಆಗಲ್ಲ. ಸಣ್ಣದನ್ನು ಸಣ್ಣದಾಗಿಯೇ ಎಣಿಸಿ ಹಾಕಬೇಕು.

ಈಗಿನ ಲ್ಯಾಪ್‌ಟಾಪ್‌ಗಳು ಎಲ್ಲವನ್ನೂ 125%, 150%ಗೆ ಹಿಗ್ಗಿಸಿ ತೋರಿಸುತ್ತವೆ. 16 ಚುಕ್ಕಿ 20 ಆಗಬೇಕು, ಇಲ್ಲವೇ 24. ವಿಂಡೋಸ್ ಅದನ್ನು ಎಳೆದು ಹಿಗ್ಗಿಸುತ್ತೆ, ಮಸುಕಾಗುತ್ತೆ. ಹಳೇ ಸಾಫ್ಟ್‌ವೇರ್ "ಹಳೇದು" ಅಂತ ಅನ್ನಿಸೋದಕ್ಕೆ ಅರ್ಧ ಕಾರಣ ಈ ಮಸುಕು. ಫ್ಲಾಪಿ ಅಲ್ಲ. 16, 20, 24, 32, ನಾಲ್ಕು ಅಳತೆಯಲ್ಲಿ ಅದೇ ಫ್ಲಾಪಿಯನ್ನು ಚೊಕ್ಕ ಬಿಡಿಸಿ ಹಾಕಿ ನೋಡಿ. ಸಾವ್ಕಾರರ ಮಕ್ಕಳು ಅರ್ಧ ಸಮಾಧಾನ ಆಗ್ತಾರೆ.

ಇನ್ನು ಬೂದು ಬಣ್ಣ. ಈ ತಪ್ಪು ದೊಡ್ಡವರೂ ಮಾಡಿದ್ದಾರೆ. 2012ರಲ್ಲಿ ಮೈಕ್ರೋಸಾಫ್ಟ್‌ನವರ ಕೋಡ್ ಬರೆಯುವ ಸಾಫ್ಟ್‌ವೇರ್ ವಿಷುಯಲ್ ಸ್ಟುಡಿಯೋದ ಹೊಸ ಬೀಟಾದಲ್ಲಿ (ಪರೀಕ್ಷೆಗೆ ಬಿಟ್ಟ ಆವೃತ್ತಿ) ಐಕಾನ್‌ಗಳ ಬಣ್ಣ ಪೂರ್ತಿ ತೆಗೆದರು. ಪ್ರೋಗ್ರಾಮರ್‌ಗಳು ಕೂಗಾಡಿದರು. ಕೆಲವೇ ತಿಂಗಳಲ್ಲಿ ಒಂದಿಷ್ಟು ಬಣ್ಣ ವಾಪಸ್ ಬಂತು. ದಿನವೆಲ್ಲ ಕಂಪ್ಯೂಟರ್ ಮುಂದೆ ಕೂರುವವರೇ ಬಣ್ಣ ಬೇಕು ಅಂದ ಮೇಲೆ ದಿವಾನಜಿಯವರದೇನು ತಪ್ಪು?

ಎರಡೂ_ಕಂದು

ಬಣ್ಣದ ಮಾತು ಬಂತಲ್ಲ, ನನ್ನದೂ ಕೇಳಿ. ನನಗೆ ಕೆಂಪು, ಹಸಿರು ಎರಡೂ ಒಂದೇ ತರಹ ಕಾಣುತ್ತವೆ. ಮೆಣಸಿನಕಾಯಿ ವ್ಯಾಪಾರಕ್ಕೆ ಆಗಲ್ಲ ಅಂತ ಅಪ್ಪ ನನ್ನನ್ನು ಬಟ್ಟೆ ಅಂಗಡಿಗೆ ಹಾಕಿದರು. ಅಲ್ಲಿ ಇನ್ನೂ ಚಂದ!

ನಮ್ಮ ಅಂಗಡಿಯ ಹಳೇ ಸಾಫ್ಟ್‌ವೇರ್‌ನಲ್ಲಿ ಜಮಾಕ್ಕೆ ಹಸಿರು ಬಾಣ, ಖರ್ಚಿಗೆ ಕೆಂಪು ಬಾಣ. ಜಮಾ ಬಾಣ ಕೆಳಗೆ ನೋಡುತ್ತಿತ್ತು, ಖರ್ಚಿನದು ಮೇಲೆ. ಹಾಗಾಗಿ ನಡೀತಿತ್ತು. ಹೊಸ ಆವೃತ್ತಿಯಲ್ಲಿ ಎರಡನ್ನೂ ದುಂಡಗೆ ಮಾಡಿದರು, ಒಂದು ಕೆಂಪು ಚೆಂಡು, ಒಂದು ಹಸಿರು ಚೆಂಡು. ಮೂರು ದಿನ ನಾನು ಖರ್ಚನ್ನೆಲ್ಲ ಜಮಾ ಮಾಡಿದೆ. ಅಂಗಡಿಗೆ ಅಷ್ಟು ಲಾಭ ಯಾವತ್ತೂ ಆಗಿರಲಿಲ್ಲ.

ಬಣ್ಣ ಇರಲಿ. ಬಣ್ಣದ ಜೊತೆ ಆಕಾರವೂ ಬೇರೆ ಇರಲಿ. ಅಷ್ಟೇ ಬೇಡಿಕೆ.

ಚುಕ್ಕಿ_ಚಿತ್ರ

ಎರಡೂ_ಕಂದು ಅಣ್ಣಾ, ನೀವು ಹೇಳಿದ್ದು ನಿಯಮದಲ್ಲೇ ಇದೆ. ಬರೀ ಬಣ್ಣದಿಂದ ಅರ್ಥ ಹೇಳಬಾರದು ಅಂತ ವೆಬ್‌ನವರ ನಿಯಮಾವಳಿಯಲ್ಲಿದೆ. 2018ರ ಆವೃತ್ತಿಯಲ್ಲಿ ಐಕಾನ್‌ಗೂ ಹಿನ್ನೆಲೆಗೂ ಕನಿಷ್ಠ 3:1 ಕಾಂಟ್ರಾಸ್ಟ್ ಇರಬೇಕು ಅಂತಲೂ ಸೇರಿಸಿದ್ದಾರೆ. ತಿಳಿ ಬೂದು ಮೇಲೆ ಬೂದು ಗೆರೆ ಅಲ್ಲಿ ಪಾಸಾಗೋದು ಕಷ್ಟ.

ಮಿರ್ಚಿ_ಗಿರಮಿಟ್

ಐಕಾನ್ ಅಂತ ಕಂಡುಹಿಡಿದದ್ದೇ ಆಪಲ್‌ನವರು. ಅವರನ್ನೇ ನೋಡಿ ಕಾಪಿ ಹೊಡೆದರೆ ಆಯ್ತು.

ಹಳೇ_ಬೇಸಿಕ್

ತಪ್ಪು. ಜೆರಾಕ್ಸ್‌ನವರ ಸ್ಟಾರ್ ಅನ್ನೋ ಕಂಪ್ಯೂಟರ್ 1981ರಲ್ಲೇ ಬಂದಿತ್ತು. ಫೋಲ್ಡರ್, ಕಡತ, ಟಪಾಲು ಬುಟ್ಟಿ, ಎಲ್ಲ ಚಿತ್ರ ಅದರಲ್ಲಿತ್ತು. ಮೊಬೈಲ್‌ನಲ್ಲಿ ಮೂರು ಅಡ್ಡಗೆರೆ ಒತ್ತಿ ಮೆನು ತೆಗೀತೀರಲ್ಲ, ಅದೂ ಅಲ್ಲಿಯದೇ. ನಾವು ಹೊಸದು ಅಂತ ಕುಣಿಯೋ ಗುರುತಿಗೂ ನಲವತ್ತು ದಾಟಿದೆ.

ಮಿರ್ಚಿ_ಗಿರಮಿಟ್

ಜೆರಾಕ್ಸ್ ಅಂದ್ರೆ ಕಾಪಿ ತಾನೇ? ನಾನು ಹೇಳಿದ್ದೂ ಕಾಪಿ ಅಂತಲೇ. ಲೆಕ್ಕ ಸರಿಹೋಯ್ತು.

ಗದಗ_ಮುದ್ರಣ

ಕೋಡರ್ ಅವರೇ, ಪ್ರಿಂಟ್ ಐಕಾನ್‌ಗೆ ಏನು ಮಾಡಿದ್ದಿರಿ? ಹಳೇದರಲ್ಲಿ ಅಂಚಿಗೆ ತೂತಿರುವ ಉದ್ದ ಕಾಗದ ಹೊರಗೆ ಬರುವ ಪ್ರಿಂಟರ್ ಇತ್ತಾ?

ಗೋಕುಲ್_ರೋಡ್_ಕೋಡರ್

ಹೌದು ಸರ್, ಅದೇ. ಡಾಟ್ ಮ್ಯಾಟ್ರಿಕ್ಸ್. ಅದನ್ನು ತೆಗೆದು ಲೇಸರ್ ಪ್ರಿಂಟರ್ ತರಹದ್ದು ಹಾಕಿದ್ದೆ.

ಗದಗ_ಮುದ್ರಣ

ಅಲ್ಲೇ ಎಡವಿದ್ದು. ನಮ್ಮ ಪ್ರೆಸ್‌ನಿಂದ ಅಡತಿ ಅಂಗಡಿಗಳಿಗೆ ಇವತ್ತಿಗೂ ಪಟ್ಟಿ ಕಾಗದ ಹೋಗುತ್ತೆ. ಬಿಳಿ, ಗುಲಾಬಿ, ಹಳದಿ, ಮೂರು ಪ್ರತಿ ಒಟ್ಟಿಗೆ. ಒಂದು ರೈತನಿಗೆ, ಒಂದು ಖರೀದಿದಾರನಿಗೆ, ಒಂದು ಅಂಗಡಿಗೆ. ಲೇಸರ್ ಪ್ರಿಂಟರ್ ಒಂದೇ ಹೊಡೆತಕ್ಕೆ ಮೂರು ಪ್ರತಿ ಮಾಡಲ್ಲ. ಮೇಲಿನ ಕಾಗದಕ್ಕೆ ಪಿನ್ನು ಕುಟ್ಟಿದರೆ ತಾನೇ ಕೆಳಗಿನದಕ್ಕೆ ಮೂಡೋದು? ಅದಕ್ಕೇ ಮೆಣಸಿನಕಾಯಿ ಘಾಟಿನಲ್ಲಿ, ಧೂಳಿನಲ್ಲಿ ಆ ಡಾಟ್ ಮ್ಯಾಟ್ರಿಕ್ಸ್ ಕಿರ್ ಕಿರ್ ಅಂತ ಕೂಗುತ್ತಲೇ ಇದೆ.

ಅಂದರೆ ಕಾಕಾನ ಮೇಜಿನ ಮೇಲೆ ಡಾಟ್ ಮ್ಯಾಟ್ರಿಕ್ಸ್ ಕೂತಿದೆ, ಅದರ ಚಿತ್ರ "ಹಳೇದು" ಅಂತ ನೀವು ತೆಗೆದಿರಿ. ಅವರು ಕಂಡೇ ಇಲ್ಲದ ಪ್ರಿಂಟರ್ ತೋರಿಸಿ "ಇದು ಪ್ರಿಂಟ್" ಅಂದಿರಿ. ಯಾವ ವಸ್ತು ಹಳೇದು, ಯಾವುದು ಅಲ್ಲ ಅಂತ ಮೇಜು ನೋಡಿ ತೀರ್ಮಾನ ಮಾಡಬೇಕಿತ್ತು ರೀ.

ಗೋಕುಲ್_ರೋಡ್_ಕೋಡರ್

ಇದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ನಾಲ್ಕು ಸಲ ಆ ಅಂಗಡಿಗೆ ಹೋಗಿದ್ದೀನಿ, ಆ ಪ್ರಿಂಟರ್ ಪಕ್ಕದಲ್ಲೇ ಕೂತು ಚಹಾ ಕುಡಿದಿದ್ದೀನಿ.

ರೈಲ್ವೆ_ಹುಡುಗ

ಕೇಶ್ವಾಪುರದಿಂದ. ರೈಲ್ವೆ ಗೇಟ್ ಇಲ್ಲದ ಕ್ರಾಸಿಂಗ್‌ಗೆ ರಸ್ತೆ ಬದಿ ಇರುವ ಬೋರ್ಡ್ ನೆನಪಿದೆಯಾ? ಅದರ ಮೇಲೆ ಇರೋದು ಹೊಗೆ ಉಗಿಯುವ ಉಗಿ ಎಂಜಿನ್. ಈ ಲೈನಿನಲ್ಲಿ ಉಗಿ ಎಂಜಿನ್ ಓಡಿ ಎಷ್ಟು ಕಾಲವಾಯ್ತು! ಈಗ ಅದನ್ನು ನೋಡಬೇಕಂದ್ರೆ ಮ್ಯೂಸಿಯಂಗೆ ಹೋಗಬೇಕು. ಆದರೂ ಬೋರ್ಡ್ ನೋಡಿ ಯಾರೂ "ಓ, ಇಲ್ಲಿ ಉಗಿ ಬಂಡಿ ಬರುತ್ತೆ, ನಿಧಾನ ಇರುತ್ತೆ" ಅಂತ ಹಳಿ ದಾಟಲ್ಲ.

ಈಗಿನ ವಿದ್ಯುತ್ ಎಂಜಿನ್ ಬಿಡಿಸಿದರೆ ದೂರದಿಂದ ಬಸ್ಸೋ ರೈಲೋ ಗೊತ್ತಾಗಲ್ಲ. ಉಗಿ ಎಂಜಿನ್‌ಗೆ ಮುಖ ಇದೆ.

ಹಾವೇರಿ_ಮಾಸ್ತರ

ಮಕ್ಕಳೇ, ನಿವೃತ್ತ ಮಾಸ್ತರನದೂ ಒಂದು ಮಾತು. 1951-52ರ ಮೊದಲ ಲೋಕಸಭೆ ಚುನಾವಣೆಯಿಂದಲೂ ನಮ್ಮಲ್ಲಿ ಚಿಹ್ನೆ ಇದೆ. ಓದು ಬಾರದವರೂ ವೋಟು ಹಾಕಬೇಕಲ್ಲ, ಅದಕ್ಕೆ. ಬಿಲ್ಲು-ಬಾಣ, ಲಾಟೀನು ಇವತ್ತಿಗೂ ಚಿಹ್ನೆಗಳೇ. ಯಾರ ಮನೆಯಲ್ಲಿ ಬಿಲ್ಲಿದೆ? ಬಿಲ್ಲು ಹಳೇದಾಯ್ತು, ಬಂದೂಕು ಮಾಡಿ ಅಂತ ಯಾರೂ ಅರ್ಜಿ ಕೊಟ್ಟಿಲ್ಲ. ಜನಕ್ಕೆ ಅದು ವಸ್ತುವಲ್ಲ, ಹೆಸರು.

ಆದರೆ ಇನ್ನೊಂದು ಗಮನಿಸಿ. ಮತಯಂತ್ರದ ಮೇಲೆ ಚಿಹ್ನೆ ಒಂದೇ ಇರುವುದಿಲ್ಲ. ಪಕ್ಕದಲ್ಲಿ ಹೆಸರೂ ಇರುತ್ತದೆ. ನಿಮ್ಮ ಐಕಾನ್ ಕೆಳಗೆ ಕನ್ನಡದಲ್ಲಿ ಹೆಸರು ಯಾಕಿಲ್ಲ?

ಹೊಸಬ_2004

ಮಾಸ್ತರ್ ಹೇಳಿದ್ದು ನಿಜ ಅನ್ಸುತ್ತೆ. ನಾನು ಫ್ಲಾಪಿಯನ್ನು ಕೈಯಲ್ಲಿ ಹಿಡಿದೇ ಇಲ್ಲ. ಫ್ಲಾಪಿ ಅನ್ನೋ ವಸ್ತು ಇತ್ತು ಅಂತ ಗೊತ್ತಾಗಿದ್ದೇ ಸೇವ್ ಬಟನ್ ಯಾಕೆ ಹೀಗಿದೆ ಅಂತ ಕೇಳಿದಾಗ. ಆದರೆ ಅದಕ್ಕೂ ಮೊದಲೇ ಅದನ್ನು ಒತ್ತುತ್ತಿದ್ದೆ. "ಕ" ಯಾಕೆ ಹೀಗಿದೆ ಅಂತ ಕೇಳಿ ಯಾರೂ ಓದು ಕಲಿಯಲ್ಲ ಅಲ್ವಾ?

ವೆಬ್ ಮಾತು ಮಾತ್ರ ವಾಪಸ್ ತಗೊಳ್ಳಲ್ಲ.

ದಾಜಿಬಾನ್_ಪೇಟೆ

ಫ್ಲಾಪಿ ಅಂದ್ರೆ ನನಗೆ ಹುಬ್ಬಳ್ಳಿ-ಧಾರವಾಡ ಬಸ್ ನೆನಪಾಗುತ್ತೆ. 1999, 2000ದ ಮಾತು. ಅಂಗಡಿ ಲೆಕ್ಕ ಫ್ಲಾಪಿಗೆ ಹಾಕಿ ಧಾರವಾಡದ ಆಡಿಟರ್ ಹತ್ತಿರ ಒಯ್ಯಬೇಕು. 1.2 ಎಂಬಿ ಹಿಡಿಸುವ ಫ್ಲಾಪಿ. ಒಂದು ಸಲ ನವಲೂರು ದಾಟುವಷ್ಟರಲ್ಲಿ ಪಕ್ಕದವರ ಪೇರಲ ಬುಟ್ಟಿ ನನ್ನ ಚೀಲದ ಮೇಲೆ ಬಿತ್ತು. ಆಡಿಟರ್ ಆಫೀಸಿನಲ್ಲಿ ಹಾಕಿದರೆ "ಓದಲಾಗುತ್ತಿಲ್ಲ" ಅಂತ ಬಂತು. ಮತ್ತೆ ವಾಪಸ್, ಮತ್ತೆ ಕಾಪಿ, ಮತ್ತೆ ಬಸ್. ಆಮೇಲಿಂದ ಮೂರು ಫ್ಲಾಪಿಗೆ ಹಾಕಿ ಮೂರು ಜೇಬಿನಲ್ಲಿ ಇಡ್ತಿದ್ದೆ.

ಹಳೇ_ಬೇಸಿಕ್

1.2 ಎಂಬಿ ಅಂದ್ರೆ 5.25 ಇಂಚಿನ ಮೆತ್ತನೆಯ ಫ್ಲಾಪಿ. ಐಕಾನ್‌ನಲ್ಲಿ ಇರೋದು 3.5 ಇಂಚಿನದು, 1.44 ಎಂಬಿ, ಗಟ್ಟಿ ಪ್ಲಾಸ್ಟಿಕ್, ಮೇಲೆ ಲೋಹದ ಜಾರುಬಾಗಿಲು. 2000ದಲ್ಲಿ 5.25 ಬಳಸ್ತಿದ್ರಾ ನೀವು?

ದಾಜಿಬಾನ್_ಪೇಟೆ

ನಮ್ಮ ಸಾವ್ಕಾರ ಹೊಸ ಕಂಪ್ಯೂಟರ್ ತಗೊಂಡಿದ್ದೇ 2001ಕ್ಕೆ. ಜಿಪುಣತನಕ್ಕೆ ಐಕಾನ್ ಇದ್ದಿದ್ರೆ ಅವರ ಮುಖ ಹಾಕಬಹುದಿತ್ತು. ಪಾಡ್ಯದ ದಿನ ಕಿರ್ದಿ-ಖತಾವಣಿ ಪುಸ್ತಕಕ್ಕೆ ಪೂಜೆ ಆಗುತ್ತಲ್ಲ, ಆ ವರ್ಷ ಮೊದಲ ಸಲ ಮಾನಿಟರ್‌ಗೂ ಅರಿಶಿನ ಕುಂಕುಮ ಹಚ್ಚಿದರು. ಕುಂಕುಮ ಪವರ್ ಬಟನ್ ಮೇಲೇ ಬಿತ್ತು, ಹಾಗಾಗಿ ಮುಂದಿನ ವರ್ಷವೆಲ್ಲ ಹೊಸ ಹುಡುಗರಿಗೆ "ಕುಂಕುಮ ಒತ್ತಿ ಚಾಲೂ ಮಾಡು" ಅಂತ ಹೇಳೋದು. ಇದಕ್ಕಿಂತ ಒಳ್ಳೇ ಐಕಾನ್ ಬೇಕಾ?

ಬ್ಯಾಂಕ್_ಕೌಂಟರ್_3

ಡಾಲರ್ ಗುರುತಿನ ಬಗ್ಗೆ ಯಾರೂ ಮಾತಾಡ್ತಿಲ್ಲ. ಅದೊಂದನ್ನು ಕಣ್ಣು ಮುಚ್ಚಿ ಬದಲಿಸಿ. ₹ ಗುರುತನ್ನು ಸರ್ಕಾರ ಒಪ್ಪಿದ್ದು 2010ರ ಜುಲೈ 15ಕ್ಕೆ. ಬಿಡಿಸಿದವರು ಡಿ. ಉದಯ ಕುಮಾರ್. ಅದಕ್ಕೂ ಹಿಂದಿನ ಸಾಫ್ಟ್‌ವೇರ್‌ಗಳಿಗೆ ನಮ್ಮದೇ ಗುರುತು ಇರಲಿಲ್ಲ, ಸಿಕ್ಕ ಐಕಾನ್ ಹಾಕಿದರು. ಈಗ ನೆಪ ಇಲ್ಲ.

ಅಂದಹಾಗೆ ನಮ್ಮ ಬ್ಯಾಂಕಿನ ಹಳೇ ವ್ಯವಸ್ಥೆಯಲ್ಲಿ ಐಕಾನೂ ಇರಲಿಲ್ಲ, ಮೆನು ನಂಬರ್ ಇತ್ತು. ಹಿರಿಯರು ನಿವೃತ್ತರಾಗಿ ಹತ್ತು ವರ್ಷವಾದರೂ ಸಿಕ್ಕಾಗ ನಂಬರ್ ಹೇಳಿ ನಗ್ತಾರೆ.

ಹಳೇ_ಬೇಸಿಕ್

ಫಾಂಟಿನಿಂದ ₹ ತರೋಕೆ ಹೋಗಬೇಡಿ. ಹಳೇ ವಿಂಡೋಸ್‌ಗಳಲ್ಲಿ ಖಾಲಿ ಚೌಕ ಬರುತ್ತೆ. ಚಿತ್ರವಾಗಿಯೇ ಬಿಡಿಸಿ.

ಮಾಸ್ತರ್ ಕೇಳಿದ ಕನ್ನಡ ಹೆಸರಿನ ವಿಷಯ. ವಿಬಿ6ನ ಬಟನ್ನು, ಲೇಬಲ್ಲುಗಳಿಗೆ ಯೂನಿಕೋಡ್ (ಎಲ್ಲ ಭಾಷೆಗೂ ಒಂದೇ ಅಕ್ಷರ ಸಂಕೇತ) ಬರಲ್ಲ. ಹಾಗಾಗಿ ಆ ಕಾಲದವರು ನುಡಿ, ಬರಹ, ಶ್ರೀಲಿಪಿ ಫಾಂಟ್ ಹಾಕಿ ಕೆಲಸ ಮುಗಿಸ್ತಿದ್ದರು. ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಕನ್ನಡ ಹೋಗಿ ಕಾಗೆ ಕಾಲು ಗುಬ್ಬಿ ಕಾಲು. ಇನ್ನೊಂದು, ಒತ್ತಕ್ಷರದ ತಲೆನೋವು. ಇಂಗ್ಲಿಷ್‌ಗೆ ಅಳತೆ ಮಾಡಿದ ಬಟನ್‌ನಲ್ಲಿ "ಪಟ್ಟಿ" ಅಂತ ಬರೆದರೆ ಕೆಳಗಿನ ಟ ಒತ್ತು ಕತ್ತರಿಸಿ "ಪಟಿ" ಆಗುತ್ತೆ. ನನ್ನ ಉಪಾಯ: ಹೆಸರನ್ನೂ ಐಕಾನ್ ಚಿತ್ರದೊಳಗೇ ಬರೆದುಬಿಡಿ.

ಚುಕ್ಕಿ_ಚಿತ್ರ

ಸರ್, ಅಕ್ಷರವನ್ನು ಚಿತ್ರ ಮಾಡಿದರೆ 125%ರಲ್ಲಿ ಅದೂ ಮಸುಕಾಗುತ್ತೆ. ನಾಲ್ಕು ಅಳತೆಗೂ ಕನ್ನಡ ಬೇರೆ ಬೇರೆ ಬಿಡಿಸಬೇಕು.

ಹಳೇ_ಬೇಸಿಕ್

ಬಿಡಿಸಲಿ. 22 ಹೆಸರು ತಾನೇ? ರಾಮಾಯಣ ಅಲ್ಲವಲ್ಲ.

ಹಾವೇರಿ_ಮಾಸ್ತರ

ಸೇವ್‌ಗೆ "ಉಳಿಸು" ಅಂತ ಬರೆಯಿರಿ.

ಟ್ಯಾಲಿ_ಅಕ್ಕ

ಬೇಡ ಮಾಸ್ತರ್! ಲೆಕ್ಕದ ಅಂಗಡಿಯಲ್ಲಿ ಉಳಿಕೆ ಅಂದ್ರೆ ಬಾಕಿ. ನಮ್ಮ ಕಡೆ ಒಬ್ಬ ಹುಡುಗ "ಉಳಿಸು" ನೋಡಿ ಪಾರ್ಟಿಯ ದುಡ್ಡು ಕೊಡದೆ ಉಳಿಸಿಕೊಳ್ಳೋ ಬಟನ್ ಅಂದುಕೊಂಡಿದ್ದ. "ಸೇವ್" ಅಂತಲೇ ಕನ್ನಡದಲ್ಲಿ ಬರೆದರೆ ಎಲ್ಲರಿಗೂ ತಿಳಿಯುತ್ತೆ.

ಹಾವೇರಿ_ಮಾಸ್ತರ

ಹಾಗಾದರೆ "ದಾಖಲಿಸು". ಇಂಗ್ಲಿಷಿಗೆ ಶರಣಾಗುವುದು ಬೇಡ ತಾಯಿ.

ಅಮರಗೋಳ_ಅಡತಿ

ನಮ್ಮ ದಿವಾನಜಿ ಅದಕ್ಕೆ "ಪಕ್ಕಾ" ಅಂತಾರೆ. ಕಚ್ಚಾ ಚೀಟಿ, ಪಕ್ಕಾ ಪಟ್ಟಿ. "ಪಕ್ಕಾ ಮಾಡು" ಅಂದ್ರೆ ಸೇವ್ ಒತ್ತು. ಇದು ನಿಘಂಟಿನಲ್ಲಿ ಇದೆಯೋ ಇಲ್ಲವೋ, ಪೇಟೆಯಲ್ಲಿದೆ.

ಗೋಕುಲ್_ರೋಡ್_ಕೋಡರ್

"ಪಕ್ಕಾ" ಬರೆದಿಟ್ಟುಕೊಂಡೆ. ಇಷ್ಟು ದಿನ ನಮಗೆ ಇದು ಹೊಳೆದಿಲ್ಲ ಅಂತ ನಾಚಿಕೆ ಆಗ್ತಿದೆ.

ನೀಲಿ ಡಬ್ಬಿಯ ಇನ್ನೊಂದು ಕಥೆ ಹೇಳ್ತೀನಿ. ಅದೇ ಅಂಗಡಿಗೆ ಹೊಸ ಹುಡುಗ ಸೇರಿದ್ದ. ಕಾಕಾ ತೂಕ ಹೇಳ್ತಾ "ಡಬ್ಬಿ ಒತ್ತು, ಡಬ್ಬಿ ಒತ್ತು" ಅಂತಿದ್ದರು. ಅವನು ಪ್ರತಿ ಸಲ ಮಾಲಿನ ಜಾತಿಯ ಜಾಗಕ್ಕೆ ಹೋಗಿ ಕಡ್ಡಿ ತೆಗೆದು ಡಬ್ಬಿ ಆರಿಸಿದ. ಸಂಜೆ ನೋಡಿದರೆ ಒಂದು ಚೀಟಿಯೂ ಸೇವ್ ಆಗಿಲ್ಲ, ಇಡೀ ಅಂಗಡಿಯಲ್ಲಿ ಬರೀ ಡಬ್ಬಿ ಕಾಯಿ.

ಮಿರ್ಚಿ_ಗಿರಮಿಟ್

😂😂 ಹೊರಗಿನವರಿಗೆ ಹೇಳಿಬಿಡಿ, ಡಬ್ಬಿ, ಕಡ್ಡಿ ಎರಡೂ ಬ್ಯಾಡಗಿ ಮೆಣಸಿನಕಾಯಿ ಜಾತಿ. ಡಬ್ಬಿ ಗಿಡ್ಡ, ದುಂಡಗೆ. ಕಡ್ಡಿ ಉದ್ದ, ತೆಳ್ಳಗೆ.

ಟ್ಯಾಲಿ_ಅಕ್ಕ

ಕೋಡರ್ ತಮ್ಮಾ, ಎಲ್ಲರೂ ಚಿತ್ರದ ಬಗ್ಗೆಯೇ ಜಗಳ ಆಡ್ತಿದ್ದಾರೆ. ನನಗೊಂದು ಅನುಮಾನ. ಹೊಸ ಐಕಾನ್‌ಗಳನ್ನು ಹಳೇ ಜಾಗದಲ್ಲೇ ಇಟ್ಟಿದ್ದೆಯಾ? ಅಥವಾ ಜಾಗವನ್ನೂ ಬದಲಿಸಿದೆಯಾ?

ಗೋಕುಲ್_ರೋಡ್_ಕೋಡರ್

...ಬದಲಿಸಿದ್ದೆ ಅಕ್ಕಾ. ಹಳೇ ಸಾಲಿಗೆ ಕ್ರಮವೇ ಇರಲಿಲ್ಲ. ಹೊಸದು, ತೆಗೆ, ಸೇವ್, ಪ್ರಿಂಟ್, ಆಮೇಲೆ ಕ್ಯಾಲ್ಕುಲೇಟರ್, ಆಮೇಲೆ ರದ್ದು, ಹೀಗೆ. ನಾನು ಗುಂಪು ಮಾಡಿ ಜೋಡಿಸಿದೆ. ಸೇವ್ ಬಲತುದಿಗೆ ಹೋಯ್ತು. ರದ್ದು ನಾಲ್ಕನೇ ಜಾಗಕ್ಕೆ ಬಂತು.

ಟ್ಯಾಲಿ_ಅಕ್ಕ

ಮೊದಲು ನಾಲ್ಕನೇ ಜಾಗದಲ್ಲಿ ಏನಿತ್ತು?

ಗೋಕುಲ್_ರೋಡ್_ಕೋಡರ್

ಪ್ರಿಂಟ್.

ಟ್ಯಾಲಿ_ಅಕ್ಕ

ಹಂಗಾದ್ರೆ ಕಾಕಾ ಐಕಾನ್ ನೋಡೇ ಇಲ್ಲಪ್ಪಾ. ಅವರ ಕೈ ನಾಲ್ಕನೇದಕ್ಕೆ ಹೋಗಿದೆ. ಇಪ್ಪತ್ತು ವರ್ಷ ಹೋದ ಹಾಗೆ.

ಎರಡೂ_ಕಂದು

ಪ್ರಿಂಟ್ ಇದ್ದ ಜಾಗಕ್ಕೆ ರದ್ದು! ನಮ್ಮ ಅಡುಗೆಮನೆಯಲ್ಲಿ ಯಾರಾದರೂ ಸಕ್ಕರೆ ಜಾಗಕ್ಕೆ ಉಪ್ಪು ಇಟ್ಟರೆ ಚಹಾ ಕುಡಿಯೋವರೆಗೂ ಗೊತ್ತಾಗಲ್ಲ. ಡಬ್ಬದ ಮೇಲೆ ಎಷ್ಟು ಚಂದ ಬರೆದಿದ್ದರೂ ಅಷ್ಟೇ.

ಹೊಸಬ_2004

ರದ್ದು ಮಾಡುವಾಗ "ಖಚಿತವೇ?" ಅಂತ ಕೇಳಲ್ವಾ ನಿಮ್ಮ ಸಾಫ್ಟ್‌ವೇರ್?

ಗೋಕುಲ್_ರೋಡ್_ಕೋಡರ್

ಕೇಳುತ್ತೆ. ಪ್ರಿಂಟ್‌ಗೂ ಕೇಳುತ್ತೆ. ಎರಡಕ್ಕೂ ಒಂದೇ ತರಹದ ಕಿಟಕಿ. ಕಾಕಾ ಓದದೆ ಎಂಟರ್ ಹೊಡೀತಾರೆ. ಎಲ್ಲರೂ ಹೊಡೀತಾರೆ.

ಗದಗ_ಮುದ್ರಣ

ಒಂದು ಸಲಹೆ. ಲಿಬ್ರೆಆಫೀಸ್‌ನಲ್ಲಿ ಐಕಾನ್‌ಗಳ ನಾಲ್ಕಾರು ಸೆಟ್ ಇದೆ, ಯಾರಿಗೆ ಯಾವುದು ಬೇಕೋ ಆರಿಸಿಕೊಳ್ಳಬಹುದು. ನೀವೂ ಹಳೇದು-ಹೊಸದು ಅಂತ ಒಂದು ಆಯ್ಕೆ ಇಡಿ. ಮಗ ಕೂತಾಗ ಹೊಸದು, ಕಾಕಾ ಕೂತಾಗ ಹಳೇದು. ಜಾಗ ಎರಡರಲ್ಲೂ ಒಂದೇ.

ಬ್ಯಾಂಕ್_ಕೌಂಟರ್_3

ಮತ್ತೆ ಮಾರ್ಚ್‌ನಲ್ಲಿ ಬಿಡಬೇಡಿ. ವರ್ಷದ ಕೊನೆ.

ಅಮರಗೋಳ_ಅಡತಿ

ಬ್ಯಾಡಗಿಗಾದರೆ ಜನವರಿಯಿಂದ ಏಪ್ರಿಲ್‌ವರೆಗೂ ಬೇಡ, ಕಾಯಿ ಬರೋ ಕಾಲ. ಮಳೆಗಾಲದಲ್ಲಿ ಹೋಗಿ. ಆಗ ಮೋಡ ತೋರಿಸಿದರೂ ಯಾರೂ ಬೈಯಲ್ಲ.

ಗೋಕುಲ್_ರೋಡ್_ಕೋಡರ್

ಹನ್ನೆರಡು ದಿನದ ಮೇಲೆ ಬರ್ತಿದ್ದೀನಿ. ಚಿಗರಿ ಬಸ್ಸಿನಲ್ಲಿ ಕೂತು ಬರೀತಿದ್ದೀನಿ, ಅಕ್ಷರ ತಪ್ಪಿದ್ದರೆ ಕ್ಷಮಿಸಿ.

ಬುಧವಾರ ಬ್ಯಾಡಗಿಗೆ ಹೋಗಿದ್ದೆ. ಬುಧವಾರ, ಗಮನಿಸಿ! ಧಾರವಾಡ ಪೇಢೆ ಒಂದು ಡಬ್ಬ ಒಯ್ದೆ. ಕಾಕಾ ಪೇಢೆ ತಗೊಂಡರು, ಮಾತು ಆಡಲಿಲ್ಲ. ಸುಮ್ಮನೆ ಅವರ ಹಿಂದೆ ಸ್ಟೂಲ್ ಹಾಕಿಕೊಂಡು ಎರಡು ತಾಸು ಕೂತು ನೋಡಿದೆ. ಮೌಸ್‌ನ ಎಡ ಬಟನ್ ಮೇಲಿನ ಬಣ್ಣ ಸವೆದು ಬೆರಳಿನ ಆಕಾರ ಮೂಡಿದೆ. ಅವರ ಕಣ್ಣು ತೂಕದ ಚೀಟಿ ಮೇಲಿರುತ್ತೆ. ಬಾಣ ತಾನಾಗೇ ಮೂರನೇ ಐಕಾನ್‌ಗೆ ಹೋಗುತ್ತೆ, ಆಮೇಲೆ ನಾಲ್ಕನೇದಕ್ಕೆ. 22ರಲ್ಲಿ ಅವರು ಮುಟ್ಟಿದ್ದು ಐದೇ ಐದು. ದುರ್ಬೀನು ಏನಕ್ಕೆ ಅಂತ ಕೇಳಿದೆ. "ಅದು ಇರತೈತಿ" ಅಂದರು. ಅದೇ ಮೊದಲ ಮಾತು.

ಈಗ ಮಾಡಿರೋದು ಇಷ್ಟು. ಸಾಲು ಹಳೇದೇ, ಒಂದಿಂಚು ಅಲ್ಲಾಡಿಲ್ಲ. ಫ್ಲಾಪಿ ಇದೆ, ನೀಲಿಯೇ, ಚುಕ್ಕಿ_ಚಿತ್ರ ಅಕ್ಕ ಹೇಳಿದ ಹಾಗೆ ನಾಲ್ಕು ಅಳತೆಯಲ್ಲಿ ಹೊಸದಾಗಿ ಬಿಡಿಸಿದ್ದು, ಕೆಳಗೆ "ಪಕ್ಕಾ". ಡಾಟ್ ಮ್ಯಾಟ್ರಿಕ್ಸ್ ವಾಪಸ್ ಬಂದಿದೆ. ಡಾಲರ್ ಹೋಗಿ ₹ ಬಂತು. ಕ್ಯಾಸೆಟ್ ಹೋಗಿ ಪೆನ್‌ಡ್ರೈವ್ ಬಂತು, ಯಾಕಂದ್ರೆ ಕಾಕಾ ದಿನಾ ಸಂಜೆ ಬ್ಯಾಕಪ್ ತಗೊಂಡು ಜನಿವಾರಕ್ಕೆ ಕಟ್ಟಿಕೊಳ್ಳೋದು ಅದನ್ನೇ. ರದ್ದು ಮಾಡುವ ಕಿಟಕಿ ಈಗ ಬೇರೆ ಬಣ್ಣ, ಬೇರೆ ಆಕಾರ, ಎಂಟರ್ ಹೊಡೆದರೆ "ಬೇಡ" ಅಂತ ಆಗುತ್ತೆ.

ಹೊಸದನ್ನು ಹಾಕಿ ಕೊಟ್ಟೆ. ಕಾಕಾ ನಾಲ್ಕು ಪಟ್ಟಿ ಮಾಡಿದರು. ಏನೂ ಬದಲಾಗಿದ್ದು ಗೊತ್ತೇ ಆಗಲಿಲ್ಲ ಅವರಿಗೆ. ಐದನೇ ಪಟ್ಟಿಗೆ ನಿಂತು, ಕನ್ನಡಕ ಎತ್ತಿ, "ಏನೋ ತಮ್ಮಾ, ಕಾಚು ಒರೆಸಿಯೇನು? ಸ್ವಚ್ಛ ಕಾಣಾಕತ್ತೈತಿ" ಅಂದರು. ಕಾಚು ಅಂದ್ರೆ ಮಾನಿಟರ್ ಗಾಜು.

ಚುಕ್ಕಿ_ಚಿತ್ರ

ಕಾಚು ಒರೆಸಿಯೇನು!! ನನ್ನ ಕೆಲಸಕ್ಕೆ ಇಷ್ಟು ಒಳ್ಳೇ ಸರ್ಟಿಫಿಕೇಟ್ ಇವತ್ತಿನವರೆಗೂ ಸಿಕ್ಕಿಲ್ಲ.

ಹೊಸಬ_2004

ಸಾವ್ಕಾರರ ಮಗ ಏನಂದ?

ಗೋಕುಲ್_ರೋಡ್_ಕೋಡರ್

"ಡಾರ್ಕ್ ಮೋಡ್ ಇಲ್ಲೇನ್ರೀ" ಅಂದ.

ದಾಜಿಬಾನ್_ಪೇಟೆ

ಅಟ್ಟ ಸ್ವಚ್ಛ ಮಾಡುವಾಗ ಹಳೇ ಫ್ಲಾಪಿ ಸಿಕ್ಕಿವೆ, ಒಂದು ಡಬ್ಬಿ ತುಂಬ. ಯಾರಿಗಾದರೂ ಬೇಕಾ? ಎಸೆಯೋಕೆ ಮನಸ್ಸಿಲ್ಲ.

ಮಿರ್ಚಿ_ಗಿರಮಿಟ್

ಡಬ್ಬಿಗೆ ಏನು ರೇಟು? ಕಡ್ಡಿ ಇದ್ದರೆ ಹೇಳಿ.